ಈಜುಗಾರನ ಶಿರಸ್ತ್ರಾಣ

ಕಡಲಿನಲ್ಲಿ ಈಜುತ್ತಿರುವ ಮನುಷ್ಯನ ಶರೀರದಲ್ಲಿ ದಡದ ಮೇಲೆ ನಿಂತವರ ಕಣ್ಣಿಗೆ ನಿಲುಕುವುದು ಶಿರಸ್ಸೊಂದೇ. ಅದೂ ಒಂದು ತೆರೆ ಎದ್ದು ಅಡ್ಡವಾದರೆ ಕ್ಷಣಕಾಲ ಅದೃಶ್ಯವಾಗುತ್ತದೆ. ಓಡುವವನನ್ನು ಅವನ ಹೆಜ್ಜೆಯ ಗತಿಯಿಂದಲೂ, ಸೈಕಲ್ ತುಳಿಯುವವನನ್ನು ಅವನು ತೊಟ್ಟ ಅಂಗಿಯಿಂದಲೂ ಬಹುದೂರದಿಂದಲೇ ಗುರುತಿಸಬಹುದು. ಈಜುವವನಿಗಾದರೋ ತಲೆಗೆ ಬಿಗಿದ ಆ ಒಂದು ಟೋಪಿಯ ಹೊರತು ಬೇರೆ ಚಿಹ್ನೆಯಿಲ್ಲ. ಈ ಮೂರು ಸಾಹಸಗಳನ್ನೂ ಒಂದೇ ಸ್ಪರ್ಧೆಯಾಗಿ ಹೆಣೆದಿರುವ ಟ್ರಯಥ್ಲಾನಿಗೆ ಸಿದ್ಧರಾಗುವವರು ಸೈಕಲಿನ ಆಯ್ಕೆಗೆ ತಿಂಗಳುಗಳನ್ನೂ ಬೂಟಿನ ಆಯ್ಕೆಗೆ ವಾರಗಳನ್ನೂ ವ್ಯಯಿಸುತ್ತಾರೆ. ಟೋಪಿಯನ್ನು ಮಾತ್ರ ಈಜುಕೊಳದ ಬಾಗಿಲಲ್ಲಿರುವ ಅಂಗಡಿಯಲ್ಲಿ ಮೊದಲು ಕೈಗೆ ಬಂದುದನ್ನೇ ಕೊಂಡು ಒಳಗೆ ನಡೆಯುತ್ತಾರೆ. ಅಲ್ಪವೆಂದು ತೋರುವ ಆ ವಸ್ತುವಿನ ಹಿಂದೆ ಒಂದೂವರೆ ಶತಮಾನದ ಚರಿತ್ರೆಯಿದೆ. ಕೂದಲನ್ನು ನೀರಿನಿಂದ ಮರೆಸುವುದಕ್ಕೆಂದು ಹುಟ್ಟಿದ ಟೋಪಿಯು ಈಜುವವನನ್ನು ನೀರಿನ ನಡುವೆ ತೋರಿಸಿಕೊಡುವ ಸಾಧನವಾಗಿ ಮಾರ್ಪಟ್ಟ ಆ ಕಥೆಯನ್ನು ಬಲ್ಲವನಿಗೆ, ಯಾವ ಟೋಪಿಯನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆಯು ಅಷ್ಟೇನೂ ಕಠಿನವಾಗಿ ಉಳಿಯುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಮುದ್ರಸ್ನಾನವು ಆರೋಗ್ಯಕ್ಕೆ ಹಿತವೆಂಬ ನಂಬಿಕೆ ಬಲಿತು, ಕುಲೀನ ಸ್ತ್ರೀಯರು ಚಕ್ರಗಳುಳ್ಳ ಮರದ ಗೂಡುಗಳಲ್ಲಿ ಕುಳಿತು ನೀರಿನ ಅಂಚಿನವರೆಗೆ ಸಾಗಿ, ಅಲ್ಲಿಂದ ಯಾರ ಕಣ್ಣಿಗೂ ಬೀಳದಂತೆ ಕಡಲಿಗೆ ಇಳಿಯುತ್ತಿದ್ದ ಕಾಲದಲ್ಲಿ, ಅವರ ಕೇಶರಾಶಿಯ ಮೇಲೆ ಎಣ್ಣೆ ಹಚ್ಚಿ ಹದಮಾಡಿದ ರೇಷ್ಮೆಯ ಟೋಪಿಯೊಂದು ಇರುತ್ತಿತ್ತು. ಅದರಿಂದ ವೇಗವನ್ನು ಯಾರೂ ಅಪೇಕ್ಷಿಸಿರಲಿಲ್ಲ. ಉಪ್ಪುನೀರು ತಾಗಿ ಕೂದಲು ಕೆಡಬಾರದು, ಮನೆಗೆ ಮರಳಿದ ಮೇಲೆ ಗಂಟೆಗಟ್ಟಲೆ ಒಣಗಿಸುವ ಪ್ರಯಾಸ ತಪ್ಪಬೇಕು ಎಂಬುದೇ ಅದರ ಉದ್ದೇಶವಾಗಿತ್ತು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷನು ರಬ್ಬರನ್ನು ಕರಗಿಸಿ ಎರಡು ಬಟ್ಟೆಗಳ ನಡುವೆ ಲೇಪಿಸಿ ನೀರು ಹೊಗದ ವಸ್ತ್ರಕ್ಕೆ ಹಕ್ಕುಪತ್ರವನ್ನು ಪಡೆದಿದ್ದನು. ಆದರೆ ಅಂದಿನ ರಬ್ಬರು ಬಿಸಿಲಿಗೆ ಅಂಟಂಟಾಗಿ, ಚಳಿಗೆ ಗಡುಸಾಗಿ ಬಿರಿಯುತ್ತಿದ್ದುದರಿಂದ ತಲೆಗೆ ಧರಿಸಲು ತಕ್ಕುದಾಗಿರಲಿಲ್ಲ. ಗಂಧಕವನ್ನು ಬೆರೆಸಿ ಕಾಯಿಸಿದರೆ ರಬ್ಬರಿಗೆ ಸ್ಥಿರವಾದ ಸ್ಥಿತಿಸ್ಥಾಪಕಗುಣ ಬರುತ್ತದೆಂದು ಕಂಡುಕೊಂಡು ಅಮೆರಿಕದ ಚಾರ್ಲ್ಸ್ ಗುಡ್‌ಇಯರನು 1844ರಲ್ಲಿ ಹಕ್ಕುಪತ್ರ ಪಡೆದ ತರುವಾಯವೇ ತಲೆಯ ಸುತ್ತ ಬಿಗಿಯಾಗಿ ಕೂರುವ ಟೋಪಿಯು ಸಾಧ್ಯವಾಯಿತು.

ಆದರೆ ಆ ರಬ್ಬರು ದಕ್ಷಿಣ ಅಮೆರಿಕದ ಅರಣ್ಯಗಳಿಂದ ಬರಬೇಕಾಗಿತ್ತು; ಬೆಲೆ ಹೆಚ್ಚು, ಪೂರೈಕೆ ಕಡಮೆ. 1876ರಲ್ಲಿ ಹೆನ್ರಿ ವಿಕ್ಯಾಮ್ ಎಂಬಾತನು ಬ್ರೆಜಿಲಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದನು. ಅವುಗಳಲ್ಲಿ ಮೊಳೆತದ್ದು ಅಲ್ಪಾಂಶವೇ ಆದರೂ, ಆ ಅಲ್ಪಾಂಶದ ಸಸಿಗಳು ಸಿಂಹಳವನ್ನೂ ಮಲಯವನ್ನೂ ಸೇರಿ, ಏಷ್ಯದ ರಬ್ಬರ್ ತೋಟಗಳಿಗೆಲ್ಲ ಮೂಲವಾದುವು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ, ಪುತ್ತೂರುಗಳ ಕಡೆ ಬೆಳಗಿನ ಜಾವದಲ್ಲಿ ತೊಗಟೆಯನ್ನು ಓರೆಯಾಗಿ ಕೆತ್ತಿ ರಬ್ಬರ್ ಹಾಲನ್ನು ಚಿಪ್ಪಿಗೆ ಇಳಿಸುವ ಟ್ಯಾಪಿಂಗ್ ಕಾರ್ಮಿಕರಲ್ಲಿ, 1964ರ ಭಾರತ–ಸಿಂಹಳ ಒಪ್ಪಂದದ ಫಲವಾಗಿ ಸಿಂಹಳದ ತೋಟಗಳನ್ನು ತೊರೆದು ಬಂದ ತಮಿಳು ಕುಟುಂಬಗಳವರು ಅನೇಕರಿದ್ದಾರೆ; ಅವರಿಗೆ ಜೀವನೋಪಾಯವನ್ನು ಕಲ್ಪಿಸುವ ಸಲುವಾಗಿಯೇ ಅಲ್ಲಿ ಸರ್ಕಾರಿ ರಬ್ಬರ್ ತೋಟಗಳು ಬೆಳೆದುವು. ಈಜುಟೋಪಿಯನ್ನು ತಲೆಗೆ ಎಳೆದುಕೊಳ್ಳುವವನು ಆ ತೆಳುಪೊರೆಯ ಹಿಂದೆ ಕತ್ತಲೆಯಲ್ಲೆದ್ದು ದುಡಿದ ಇಂತಹ ಕೈಗಳಿವೆಯೆಂಬುದನ್ನು ಒಮ್ಮೆಯಾದರೂ ನೆನೆಯುವುದು ಯೋಗ್ಯವೆಂದು ನನಗೆ ತೋರುತ್ತದೆ.

ಮೊದಮೊದಲಿನ ರಬ್ಬರ್ ಟೋಪಿಗಳು ಹಾಳೆಯಿಂದ ಕತ್ತರಿಸಿ, ಅಂಟಿನಿಂದ ಜೋಡಿಸಿ ಮಾಡಿದವು. ಜೋಡಣೆಯ ಗೆರೆಯಲ್ಲಿ ನೀರು ಸೋರುತ್ತಿತ್ತು. ಮರದ ಹಾಲಿಗೆ ಅಮೋನಿಯ ಬೆರೆಸಿದರೆ ಅದು ಹೆಪ್ಪುಗಟ್ಟದೆ ದ್ರವರೂಪದಲ್ಲಿಯೇ ಉಳಿಯುತ್ತದೆಂಬುದನ್ನು ಆಶ್ರಯಿಸಿ, 1920ರ ದಶಕದಲ್ಲಿ ದ್ರವರಬ್ಬರನ್ನು ಹಡಗುಗಳಲ್ಲಿ ಕಾರ್ಖಾನೆಗಳಿಗೆ ಸಾಗಿಸುವ ಪದ್ಧತಿ ಬಳಕೆಗೆ ಬಂದಿತು. ತಲೆಯಾಕಾರದ ಅಚ್ಚನ್ನು ಆ ಹಾಲಿನಲ್ಲಿ ಅದ್ದಿ ತೆಗೆದು, ಒಣಗಿಸಿ, ಕಾಯಿಸಿ, ಪೌಡರ್ ಸವರಿ ಸುಲಿದರೆ ಜೋಡಣೆಯೇ ಇಲ್ಲದ ಟೋಪಿ ಸಿದ್ಧ. ಲೇಟೆಕ್ಸ್ ಟೋಪಿಯೆಂದು ಇಂದಿಗೂ ಅಗ್ಗದ ಬೆಲೆಗೆ ದೊರೆಯುವುದು ಅದೇ ವಿಧಾನದ ಸಂತಾನ.

ಅದೇ ದಶಕದಲ್ಲಿ ಸ್ತ್ರೀಯರು ಜಲಕ್ರೀಡೆಯಲ್ಲಿ ಪ್ರೇಕ್ಷಕರ ಸ್ಥಾನವನ್ನು ಬಿಟ್ಟು ಸ್ಪರ್ಧಿಗಳ ಸ್ಥಾನಕ್ಕೆ ದೃಢವಾಗಿ ಬಂದು ನಿಂತಿದ್ದರು. ಒಲಿಂಪಿಕ್ ಕ್ರೀಡೆಯಲ್ಲಿ ಅವರಿಗೆ ಈಜುಸ್ಪರ್ಧೆ ಏರ್ಪಟ್ಟುದು 1912ರ ಸ್ಟಾಕ್‌ಹೋಮಿನಲ್ಲಿ. ಅಲ್ಲಿ ಆಸ್ಟ್ರೇಲಿಯದ ಫ್ಯಾನಿ ಡ್ಯುರಾಕ್ 100 ಮೀಟರಿನಲ್ಲಿ ಪ್ರಥಮಳಾದಳು. ಅದಾದ ಹದಿನಾಲ್ಕು ವರ್ಷಗಳಿಗೆ, 1926ರ ಆಗಸ್ಟ್ 6ರಂದು, ನ್ಯೂಯಾರ್ಕಿನ ಕಸಾಯಿ ವ್ಯಾಪಾರಿಯೊಬ್ಬನ ಮಗಳಾದ ಗರ್ಟ್ರೂಡ್ ಎಡರ್ಲಿ ಫ್ರಾನ್ಸಿನ ಗ್ರಿ-ನೇ ಭೂಶಿರದಿಂದ ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದಳು. 1875ರಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಮೈಗೆ ಜಲಚರದ ಕೊಬ್ಬನ್ನು ಬಳಿದುಕೊಂಡು 21 ಗಂಟೆ 45 ನಿಮಿಷಗಳಲ್ಲಿ ಈಜಿ ದಾಟಿದ ಆ ಜಲಸಂಧಿಯನ್ನು, ಅಂದಿನವರೆಗೆ ದಾಟಿದ್ದವರು ಐವರೇ ಪುರುಷರು. ಹಿಂದಿನ ವರ್ಷ ಒಮ್ಮೆ ವಿಫಲಳಾಗಿದ್ದ ಎಡರ್ಲಿ, ಕೆಂಪು ಟೋಪಿ ಧರಿಸಿ, ನೀರು ಹೊಗದಂತೆ ಮೇಣದಿಂದ ಮುದ್ರಿಸಿದ ಕನ್ನಡಕವನ್ನು ತೊಟ್ಟು, ಬಿರುಗಾಳಿಯ ಕಡಲನ್ನು ಹದಿನಾಲ್ಕೂವರೆ ಗಂಟೆಗಳ ಆಸುಪಾಸಿನಲ್ಲಿ ದಾಟಿ, ಪುರುಷರ ಶ್ರೇಷ್ಠ ದಾಖಲೆಯನ್ನು ಸುಮಾರು ಎರಡು ಗಂಟೆಗಳಷ್ಟು ಹಿಂದಿಕ್ಕಿದಳು. ಜೊತೆಯ ದೋಣಿಯಲ್ಲಿದ್ದವರಿಗೆ ಆ ಬೂದುಬಣ್ಣದ ಅಲೆಗಳ ನಡುವೆ ಅವಳು ಎಲ್ಲಿರುವಳೆಂಬುದನ್ನು ಹೇಳಲು ಆ ಕೆಂಪಿಗಿಂತ ಸ್ಪಷ್ಟವಾದ ಗುರುತು ಮತ್ತಾವುದಿದ್ದೀತು? ಕೂದಲಿನ ರಕ್ಷಣೆಯು ಗೌಣವಾಗಿ ಕಾಣಿಸಿಕೊಳ್ಳುವಿಕೆಯು ಮುಖ್ಯವಾಗುವ ಸಂಕ್ರಮಣವನ್ನು ನಾನು ಈ ಘಟನೆಯಲ್ಲಿಯೇ ಕಾಣುತ್ತೇನೆ.

ಹಾಗೆಂದು ಚರಿತ್ರೆಯು ನೇರವಾಗಿ ಆ ದಿಕ್ಕಿಗೇ ಸಾಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಮಲಯವನ್ನೂ ಜಾವಾ ದ್ವೀಪವನ್ನೂ ಆಕ್ರಮಿಸಲು, 1942ರಲ್ಲಿ ಜಗತ್ತಿನ ಪ್ರಾಕೃತಿಕ ರಬ್ಬರಿನ ಬಹುಪಾಲು ಮಿತ್ರರಾಷ್ಟ್ರಗಳ ಕೈತಪ್ಪಿ, ವಿಮಾನದ ಚಕ್ರಗಳಿಗೇ ಅಭಾವವಾದಾಗ ಈಜುಟೋಪಿಗಳು ಅಂಗಡಿಗಳಿಂದ ಕಣ್ಮರೆಯಾದುವು. ಯುದ್ಧಾನಂತರದಲ್ಲಿ ಅವು ಮರಳಿದಾಗ ರಬ್ಬರಿನ ಹೂ, ಎಸಳು, ಕುಚ್ಚುಗಳಿಂದ ಅಲಂಕೃತವಾಗಿದ್ದುವು; ಈಜುಗಾತಿಯಾಗಿದ್ದು ಚಲಚ್ಚಿತ್ರ ನಟಿಯಾದ ಎಸ್ತರ್ ವಿಲಿಯಮ್ಸಳ ಜಲನೃತ್ಯದ ಚಿತ್ರಗಳು ಆ ಶೃಂಗಾರಕ್ಕೆ ಲೋಕಪ್ರಿಯತೆಯನ್ನು ತಂದುವು.

ಪುರುಷರಾದರೋ ಬಹುಕಾಲ ಬರಿದಲೆಯಲ್ಲಿಯೇ ಈಜಿದರು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಏಳು ಸ್ವರ್ಣಪದಕಗಳನ್ನು ಏಳು ವಿಶ್ವದಾಖಲೆಗಳೊಡನೆ ಗೆದ್ದ ಮಾರ್ಕ್ ಸ್ಪಿಟ್ಜ್‌ನ ತಲೆಯ ಮೇಲೆ ಟೋಪಿಯಿರಲಿಲ್ಲ, ಮೇಲ್ತುಟಿಯ ಮೇಲೆ ಮೀಸೆಯಿತ್ತು. ಆದರೆ ಆ ವೇಳೆಗೆ ತರುಣರು ಕೂದಲನ್ನು ಹೆಗಲವರೆಗೆ ಬೆಳೆಸುವ ಕಾಲ ಬಂದಿತ್ತು. ಉದುರಿದ ಕೂದಲು ಈಜುಕೊಳಗಳ ಶೋಧಕಯಂತ್ರಗಳನ್ನು ಕಟ್ಟಿಹಾಕಲು, ಸ್ತ್ರೀಪುರುಷಭೇದವಿಲ್ಲದೆ ಎಲ್ಲರೂ ಟೋಪಿ ಧರಿಸತಕ್ಕದ್ದೆಂಬ ನಿಯಮ ಹಲವೆಡೆ ಬಂದಿತು. ಒದ್ದೆಗೂದಲಿನ ಘರ್ಷಣೆಯಿಂದ ಕಾಲ ನಷ್ಟವಾಗುತ್ತದೆಂಬುದನ್ನು ಮನಗಂಡ ತರಬೇತುದಾರರೂ ಟೋಪಿಯ ಪಕ್ಷಕ್ಕೆ ಸೇರಿದರು. 1958ರಲ್ಲಿ ಡ್ಯೂಪಾಂಟ್ ಕಂಪೆನಿಯ ಜೋಸೆಫ್ ಶಿವರ್ಸ್ ರೂಪಿಸಿದ, ಹಿಗ್ಗಿ ಕುಗ್ಗುವ ಲೈಕ್ರಾ ನೂಲಿನ ಬಟ್ಟೆಯ ಟೋಪಿ ಒಂದು ಕಡೆ, ಸಿಲಿಕೋನಿನ ದಪ್ಪ ಟೋಪಿ ಇನ್ನೊಂದು ಕಡೆ, ಲೇಟೆಕ್ಸಿನೊಡನೆ ಪೈಪೋಟಿಗೆ ನಿಂತುವು. ಬಟ್ಟೆಯದು ಮೃದು, ಆದರೆ ನೀರನ್ನು ಹೀರುತ್ತದೆ. ಲೇಟೆಕ್ಸ್ ತೆಳು ಮತ್ತು ಅಗ್ಗ, ಆದರೆ ಕೂದಲನ್ನು ಎಳೆದು ನೋಯಿಸುತ್ತದೆ, ಬೇಗ ಹರಿಯುತ್ತದೆ. ಸಿಲಿಕೋನ್ ಬಾಳಿಕೆಯುಳ್ಳದ್ದು, ಧರಿಸಲು ಸುಲಭವಾದುದು, ಆದರೆ ಬೆಚ್ಚನೆಯ ನೀರಿನಲ್ಲಿ ತಲೆಯನ್ನು ಕಾಯಿಸುತ್ತದೆ.

ಟ್ರಯಥ್ಲಾನ್ ಹುಟ್ಟಿದ್ದು ಈ ಕಾಲದಲ್ಲಿ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ಎಂಬ ಕೊಲ್ಲಿಯ ದಡದಲ್ಲಿ, 1974ರ ಸೆಪ್ಟೆಂಬರ್ 25ರ ಬುಧವಾರ ಸಂಜೆ, ಜ್ಯಾಕ್ ಜಾನ್‌ಸ್ಟನ್ ಮತ್ತು ಡಾನ್ ಶಾನಹನ್ ಎಂಬಿಬ್ಬರು ಓಟಗಾರರು ಏರ್ಪಡಿಸಿದ ಸ್ಪರ್ಧೆಗೆ 46 ಮಂದಿ ಸೇರಿದ್ದರು. ಒಟ್ಟು ಆರು ಮೈಲಿ ಓಟ, ಐದು ಮೈಲಿ ಸೈಕಲ್, 500 ಗಜ ಈಜು. ಈಜೂ ಓಟವೂ ತುಣುಕು ತುಣುಕಾಗಿ ಹಂಚಿಹೋಗಿದ್ದುವು. ಸಂಜೆಯಲ್ಲಿ ಆರಂಭವಾದುದರಿಂದ, ಈಜಿನಲ್ಲಿ ನಿಧಾನಿಗಳಾದವರು ಇನ್ನೂ ನೀರಿನಲ್ಲಿರುವಾಗಲೇ ಕತ್ತಲೆ ಕವಿಯಿತು. ದಡದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ದೀಪಗಳನ್ನು ನೀರಿನ ಕಡೆಗೆ ಹಾಯಿಸಬೇಕಾಯಿತು. ಈ ಕ್ರೀಡೆಯು ಹುಟ್ಟಿದ ದಿನವೇ ಅದರ ಮೂಲ ಸಂಕಟವು ಎದುರಾಯಿತೆನ್ನಬೇಕು: ನೀರಿನಲ್ಲಿರುವ ಮನುಷ್ಯನನ್ನು ದಡದವರು ಕಾಣುವುದೆಂತು?

ಆ ಸಂಜೆ ಸ್ಪರ್ಧಿಸಿದವರಲ್ಲಿ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಒಬ್ಬನು. ಅವನು ಪತ್ನಿ ಜೂಡಿಯೊಡನೆ ಕೂಡಿ 1978ರ ಫೆಬ್ರವರಿ 18ರಂದು ಹವಾಯಿಯ ಓಆಹು ದ್ವೀಪದಲ್ಲಿ ಏರ್ಪಡಿಸಿದ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ 3.8 ಕಿಲೋಮೀಟರ್ ಕಡಲೀಜು, 180 ಕಿಲೋಮೀಟರ್ ಸೈಕಲ್, ಕೊನೆಗೆ ಪೂರ್ಣ ಮ್ಯಾರಥಾನ್ ಓಟ ಇದ್ದುವು. ಹೊರಟವರು ಹದಿನೈದು ಮಂದಿ, ಮುಟ್ಟಿದವರು ಹನ್ನೆರಡು. 11 ಗಂಟೆ 46 ನಿಮಿಷ 58 ಸೆಕೆಂಡುಗಳಲ್ಲಿ ಮುಗಿಸಿದ ಗಾರ್ಡನ್ ಹಾಲರ್ ಪ್ರಥಮನಾದನು. ಹದಿನೈದು ತಲೆಗಳನ್ನು ಎಣಿಸುವುದು ಕಷ್ಟವಲ್ಲ. ಆದರೆ ಆ ಹದಿನೈದು ಕೆಲವೇ ವರ್ಷಗಳಲ್ಲಿ ನೂರಾರು, ಸಾವಿರಾರು ಆದಾಗ, ಒಂದೇ ಬಾರಿಗೆ ಕಡಲಿಗೆ ನುಗ್ಗುವ ಜನಸಮೂಹದಲ್ಲಿ ಯಾರು ಯಾವ ವಯೋವರ್ಗದವರು, ಯಾರು ಹಿಂದುಳಿದರು, ಯಾರು ಬಳಲಿದರು ಎಂಬುದನ್ನು ತಿಳಿಯಲು ವರ್ಗವರ್ಗಕ್ಕೂ ಬೇರೆ ಬೇರೆ ಬಣ್ಣದ ಟೋಪಿಯನ್ನು ಕೊಟ್ಟು, ಬಣ್ಣ ಬಣ್ಣವನ್ನೇ ಅಲೆಅಲೆಯಾಗಿ ನೀರಿಗಿಳಿಸುವ ಪದ್ಧತಿ ನೆಲೆಗೊಂಡಿತು. ಟೋಪಿಯ ಬಣ್ಣದಿಂದ ನೀರಿನಲ್ಲಿರುವವರನ್ನು ವಿಂಗಡಿಸುವ ಉಪಾಯ ಹೊಸದೇನೂ ಅಲ್ಲ. ವಾಟರ್ ಪೋಲೊ ಆಟದಲ್ಲಿ ಎರಡು ಪಕ್ಷಗಳಿಗೆ ಎರಡು ಬಣ್ಣ, ಗೋಲ್‌ಕೀಪರಿಗೆ ಕೆಂಪು, ಟೋಪಿಯ ಮೇಲೆ ಸಂಖ್ಯೆ ಎಂಬ ಕ್ರಮವು ಬಹುಕಾಲದಿಂದ ಇದ್ದಿತು. ಟ್ರಯಥ್ಲಾನ್ ಅದನ್ನು ಆಟದ ಕೊಳದಿಂದ ತೆರೆದ ಕಡಲಿಗೆ ಒಯ್ದು, ಗುರುತಿನ ಜೊತೆಗೆ ಪ್ರಾಣರಕ್ಷಣೆಯ ಹೊಣೆಯನ್ನೂ ಹೊರಿಸಿತು.

1989ರಲ್ಲಿ ಫ್ರಾನ್ಸಿನ ಅವಿನ್ಯೋನ್ ನಗರದಲ್ಲಿ ಅಂತರರಾಷ್ಟ್ರೀಯ ಟ್ರಯಥ್ಲಾನ್ ಸಂಸ್ಥೆಯು ಸ್ಥಾಪಿತವಾಗಿ, 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು. ಸಂಘಟಕರು ಕೊಟ್ಟ ಟೋಪಿಯನ್ನೇ ಧರಿಸಬೇಕು; ಒಳಗೆ ಇನ್ನೊಂದನ್ನು ತೊಡುವುದಾದರೆ ತೊಡಬಹುದು, ಆದರೆ ಹೊರಗೆ ಕಾಣುವುದು ಅಧಿಕೃತ ಟೋಪಿಯೇ ಆಗಿರತಕ್ಕದ್ದು ಎಂಬುದು ಅದರ ನಿಯಮ. ಉನ್ನತ ಮಟ್ಟದ ಸ್ಪರ್ಧಿಗಳು ಈಜು ಮುಗಿಸಿ ಸೈಕಲ್ಲಿನ ಬಳಿ ಬಂದಾಗ ಟೋಪಿಯನ್ನು ತಮ್ಮ ಪೆಟ್ಟಿಗೆಯೊಳಗೆ ಹಾಕದೆ ಹೊರಗೆ ಎಸೆದರೆ ಕಾಲದಂಡವನ್ನೂ ತೆರಬೇಕಾಗುತ್ತದೆ. ಆದಕಾರಣ ಸ್ಪರ್ಧೆಯ ದಿನದ ಟೋಪಿಯ ಬಣ್ಣವನ್ನು ಆರಿಸುವ ಸ್ವಾತಂತ್ರ್ಯ ಸ್ಪರ್ಧಿಗಿಲ್ಲ. ಅವನ ಆಯ್ಕೆಗೆ ಉಳಿಯುವುದು ಒಳಗಿನ ಟೋಪಿ, ಮತ್ತು ಅಭ್ಯಾಸದ ದಿನಗಳ ಟೋಪಿ. ಎರಡು ಟೋಪಿಗಳ ಈ ಕ್ರಮವನ್ನು ಅನಾವಶ್ಯಕವೆಂದು ಭಾವಿಸಬಾರದು. ಒಳಗಿನದರ ಮೇಲೆ ಕನ್ನಡಕದ ಪಟ್ಟಿ, ಪಟ್ಟಿಯ ಮೇಲೆ ಹೊರಗಿನದು ಎಂಬ ಕ್ರಮದಲ್ಲಿ ಧರಿಸಿದರೆ, ನೂಕುನುಗ್ಗಲಿನಲ್ಲಿ ಯಾರದೋ ಕೈ ಕಾಲು ತಾಗಿದರೂ ಕನ್ನಡಕವು ಕಳಚುವ ಸಂಭವ ಕಡಮೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಡೇನಾ ವೋಲ್ಮರ್ 100 ಮೀಟರ್ ಚಿಟ್ಟೆಯೀಜಿನ ಅಂತಿಮ ಸುತ್ತಿನ ನಡುವೆ ತನ್ನ ಎರಡು ಟೋಪಿಗಳಲ್ಲಿ ಹೊರಗಿನದನ್ನು ಕಳೆದುಕೊಂಡೂ, ಒಳಗಿನದರ ಆಸರೆಯಲ್ಲಿ 55.98 ಸೆಕೆಂಡುಗಳ ವಿಶ್ವದಾಖಲೆಯೊಡನೆ ಗೆದ್ದುದು ಇದಕ್ಕೆ ಸಾಕಾದ ನಿದರ್ಶನ.

ಟೋಪಿಯು ಚಳಿಯನ್ನು ಎಷ್ಟು ತಡೆಯುತ್ತದೆಂಬ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯು ಬಹುಕಾಲ ರೂಢಿಯಲ್ಲಿತ್ತು. ದೇಹದ ಉಷ್ಣದಲ್ಲಿ ಅರ್ಧದಷ್ಟು ತಲೆಯಿಂದಲೇ ನಷ್ಟವಾಗುತ್ತದೆಂಬ ಮಾತನ್ನು ಈಜು ಕಲಿಸುವವರೂ ಹೇಳುವುದುಂಟು. ಇದು ಅಮೆರಿಕದ ಸೈನ್ಯದ ಹಳೆಯ ಕೈಪಿಡಿಯೊಂದರಿಂದ ಹಬ್ಬಿದ ಅತಿಶಯೋಕ್ತಿ. ತಲೆಯ ಪಾಲು ಶರೀರದ ಮೇಲ್ಮೈಯಲ್ಲಿ ಸುಮಾರು ಹತ್ತರಲ್ಲಿ ಒಂದು, ಉಷ್ಣನಷ್ಟದಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಆದರೂ ಮಿಕ್ಕ ದೇಹವು ವೆಟ್‌ಸೂಟ್ ಎಂಬ ಈಜುಡುಪಿನೊಳಗೆ ಬೆಚ್ಚಗಿರುವಾಗ ತಲೆಯೊಂದೇ ತಣ್ಣೀರಿಗೆ ಒಡ್ಡಿಕೊಂಡಿರುವುದರಿಂದ, ಶೀತದೇಶಗಳಲ್ಲಿ ನಿಯೋಪ್ರೀನಿನ ದಪ್ಪ ಟೋಪಿಯನ್ನು ಒಳಗೆ ಧರಿಸುತ್ತಾರೆ, ಅದು ಸರಿಯೇ. ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟುವವರಿಗಾದರೋ ಆ ಅನುಕೂಲವಿಲ್ಲ. ಚಳಿಯನ್ನು ತಡೆಯುವ ಟೋಪಿಯನ್ನು ಅಲ್ಲಿನ ನಿಯಮವು ಒಪ್ಪುವುದಿಲ್ಲ. 1959ರ ಸೆಪ್ಟೆಂಬರಿನಲ್ಲಿ ಆ ಜಲಸಂಧಿಯನ್ನು ದಾಟಿದ ಏಷ್ಯದ ಪ್ರಥಮ ಮಹಿಳೆ, ನಮ್ಮ ಬಂಗಾಳದ ಆರತಿ ಸಾಹಾ, ಆ ತಣ್ಣೀರಿನಲ್ಲಿ ಹದಿನಾರು ಗಂಟೆಗಳಿಗೂ ಹೆಚ್ಚು ಕಾಲ ಈಜಿದ್ದಳೆಂಬುದನ್ನು ನೆನೆದಾಗ ಮನಸ್ಸು ಗೌರವದಿಂದ ತುಂಬುತ್ತದೆ.

ಈ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ನೋಯಿಸಿದ ಅಧ್ಯಾಯವು ತೀರ ಇತ್ತೀಚಿನದು. ಆಫ್ರಿಕ ಮೂಲದವರ ದಟ್ಟವಾದ, ಗುಂಗುರಾದ, ಮೇಲಕ್ಕೆ ಎದ್ದು ನಿಲ್ಲುವ ಕೂದಲು ಸಾಮಾನ್ಯ ಟೋಪಿಯೊಳಗೆ ಹಿಡಿಯುವುದಿಲ್ಲ. ಒಂದೂವರೆ ಶತಮಾನ ಕಾಲ ಟೋಪಿಯ ಅಚ್ಚು ಯೂರೋಪಿಯನ್ನರ ತಲೆಯ, ಯೂರೋಪಿಯನ್ನರ ಕೂದಲಿನ ಅಳತೆಗೇ ತಯಾರಾದುದರಿಂದ, ಮಿಕ್ಕವರು ಒಂದೋ ಕೂದಲನ್ನು ಕತ್ತರಿಸಬೇಕು, ಇಲ್ಲವೆ ಈಜನ್ನು ಬಿಡಬೇಕು ಎಂಬಂತಾಗಿತ್ತು. ಇಂತಹ ಕೂದಲಿಗೆಂದು ಲಂಡನ್ನಿನಲ್ಲಿ ತಯಾರಾದ ಸೋಲ್ ಕ್ಯಾಪ್ ಎಂಬ ವಿಶಾಲವಾದ ಟೋಪಿಗೆ ಟೋಕಿಯೋ ಒಲಿಂಪಿಕ್ಸಿಗೆ ಮುನ್ನ, 2021ರಲ್ಲಿ, ಅನುಮತಿ ಬೇಡಿದಾಗ, ಅದು ತಲೆಯ ಸ್ವಾಭಾವಿಕ ಆಕಾರವನ್ನು ಅನುಸರಿಸುವುದಿಲ್ಲವೆಂದೂ, ಅಂತಹ ಟೋಪಿಯನ್ನು ಅಂತರರಾಷ್ಟ್ರೀಯ ಈಜುಗಾರರು ಬಳಸಿದುದೇ ಇಲ್ಲವೆಂದೂ ಕಾರಣವೊಡ್ಡಿ ವಿಶ್ವ ಈಜು ಸಂಸ್ಥೆಯು ನಿರಾಕರಿಸಿತು. ಬಳಸುವುದಕ್ಕೆ ಅವಕಾಶವೇ ಇಲ್ಲದವರು ಬಳಸಿಲ್ಲವೆಂಬುದನ್ನೇ ನಿರಾಕರಣೆಗೆ ಆಧಾರವಾಗಿ ಹಿಡಿದುದು ನ್ಯಾಯವೆನಿಸುವುದಿಲ್ಲ. ಅದೇ ಕ್ರೀಡಾಕೂಟದಲ್ಲಿ, ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಪರವಾಗಿ ಈಜಿದ ಪ್ರಥಮ ಕಪ್ಪುವರ್ಣೀಯ ಮಹಿಳೆಯೆನಿಸಿದ ಆಲಿಸ್ ಡಿಯರಿಂಗ್ 10 ಕಿಲೋಮೀಟರ್ ಕಡಲೀಜಿಗೆ ಇಳಿದಳು. ಲೋಕದ ಟೀಕೆಯನ್ನು ಎದುರಿಸಿದ ಸಂಸ್ಥೆಯು 2022ರ ಸೆಪ್ಟೆಂಬರಿನಲ್ಲಿ ಆ ಟೋಪಿಗೆ ಅನುಮೋದನೆ ನೀಡಿತು. ಮೊಣಕಾಲ ಮಟ್ಟದ ಜಡೆಯನ್ನು ಬಿಡಲಾರದೆ ಈಜುಕೊಳದಿಂದ ಹಿಂದಿರುಗಿದ ನಮ್ಮ ಹೆಣ್ಣುಮಕ್ಕಳಿಗೂ, ಕೇಶವನ್ನು ಧರ್ಮವೆಂದು ಉಳಿಸಿಕೊಂಡ ಸಿಖ್ಖರಿಗೂ ಈ ವಿಜಯದಲ್ಲಿ ಪಾಲುಂಟು.

ಬಾವಿ, ಕಲ್ಯಾಣಿಗಳಲ್ಲಿ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ನಮ್ಮ ಹಿಂದಿನ ತಲೆಮಾರಿಗೆ ಟೋಪಿಯ ಪರಿಚಯವಿರಲಿಲ್ಲ. ಇಂದು ಬಸವನಗುಡಿಯ ಈಜುಕೇಂದ್ರದಂತಹ ಕಡೆಗಳಲ್ಲಿ ಕ್ಯಾಪ್ ಇಲ್ಲದ ಮಗುವನ್ನು ಕಾಣುವುದೇ ವಿರಳ. 2019ರ ಅಕ್ಟೋಬರಿನಲ್ಲಿ ನೆರೆಯ ಗೋವೆಯ ಮಿರಾಮಾರ್ ಕಡಲತೀರದಲ್ಲಿ ಐರನ್‌ಮ್ಯಾನಿನ ಅರ್ಧದೂರದ ಸ್ಪರ್ಧೆ ಆರಂಭವಾದಂದಿನಿಂದ 1.9 ಕಿಲೋಮೀಟರ್ ಕಡಲೀಜಿನ ಆಸೆಯು ಕನ್ನಡನಾಡಿನ ತರುಣರಲ್ಲಿಯೂ ಬೇರೂರಿದೆ. ಅವರ ಸಲುವಾಗಿ ಈ ಚರಿತ್ರೆಯಿಂದ ಹೊರಡುವ ಎರಡು ಮೂರು ಮಾತುಗಳನ್ನು ಹೇಳಬೇಕಾಗಿದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವುಳ್ಳವರು ಲೇಟೆಕ್ಸ್ ಟೋಪಿಯನ್ನು ಕೊಳ್ಳಬಾರದು. ಎಣ್ಣೆಯು ಪ್ರಾಕೃತಿಕ ರಬ್ಬರಿನ ಶತ್ರು, ಕೆಲವೇ ದಿನಗಳಲ್ಲಿ ಅದನ್ನು ಸಡಿಲಗೊಳಿಸಿ ಕೆಡಿಸುತ್ತದೆ. ರಬ್ಬರ್ ಹಾಲು ಒಗ್ಗದೆ ಚರ್ಮ ಕೆರೆಯುವವರು ಸಂಘಟಕರು ಕೊಡುವ ಲೇಟೆಕ್ಸಿನ ಕೆಳಗೆ ತಮ್ಮ ಸಿಲಿಕೋನ್ ಟೋಪಿಯನ್ನು ಧರಿಸಬೇಕು, ಮತ್ತು ಈ ವಿಷಯವನ್ನು ಮೊದಲೇ ಅವರಿಗೆ ತಿಳಿಸಬೇಕು. ನಮ್ಮ ಕಡಲು ಬೆಚ್ಚಗಿನದು. ಶೀತದೇಶದವರನ್ನು ಅನುಕರಿಸಿ ದಪ್ಪ ಟೋಪಿಗಳನ್ನು ಒಂದರ ಮೇಲೊಂದು ಹೇರಿದರೆ ತಲೆ ಕಾದು ಬಳಲಿಕೆ ಬರುತ್ತದೆ, ಒಳಗಿನದು ತೆಳುವಾಗಿದ್ದರೆ ಒಳಿತು. ಎರಡು ಟೋಪಿಗಳನ್ನು ಧರಿಸುವ ಕ್ರಮವನ್ನೂ ಅಭ್ಯಾಸದ ದಿನಗಳಲ್ಲಿಯೇ ರೂಢಿಸಿಕೊಳ್ಳಬೇಕು. ಸ್ಪರ್ಧೆಯ ಬೆಳಗು ಅದಕ್ಕೆ ತಕ್ಕ ಕಾಲವಲ್ಲ.

ಎಲ್ಲಕ್ಕಿಂತ ಮಿಗಿಲಾದುದು ಬಣ್ಣ. ಅಂಗಡಿಯ ಕನ್ನಡಿಯಲ್ಲಿ ಅಂದವಾಗಿ ತೋರುವ ಕಪ್ಪು ಮತ್ತು ಕಡುನೀಲಿಗಳು ನೀರಿನ ಬಣ್ಣದಲ್ಲಿ ಕರಗಿಹೋಗುತ್ತವೆ. ಬಿಳಿಯು ತೆರೆಗಳ ನೊರೆಯಲ್ಲಿ ಕಳೆದುಹೋಗುತ್ತದೆ. ಪಾಚಿಗಟ್ಟಿದ ಕೆರೆಯಲ್ಲಿ ಹಸಿರು ಕಾಣುವುದೇ ಇಲ್ಲ. ಕೆರೆ, ಹಿನ್ನೀರು, ಕಡಲುಗಳಲ್ಲಿ ಅಭ್ಯಾಸಕ್ಕೆ ಇಳಿಯುವ ಕನ್ನಡದ ಸೋದರ ಸೋದರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಒಬ್ಬಂಟಿಯಾಗಿ ಇಳಿಯದಿರಿ; ದಡದಲ್ಲಿ ನಿಂತು ನಿಮ್ಮನ್ನು ನೋಡುತ್ತಿರುವ ಒಬ್ಬರಾದರೂ ಇರಲಿ; ಆ ಒಬ್ಬರ ಕಣ್ಣಿಗೆ ನೀವು ಕಾಣುವಂತೆ, ಕಡುಕಿತ್ತಳೆ ಇಲ್ಲವೆ ಹೊಳೆಯುವ ಗುಲಾಬಿ ಬಣ್ಣದ ಟೋಪಿಯನ್ನೇ ಕೊಳ್ಳಿರಿ. ಕಪ್ಪು ಟೋಪಿಯನ್ನು ಈಜುಕೊಳಕ್ಕೆ ಬಿಡಿರಿ.